ಬೆಂಗಾವಲು ಹಡಗಿನ ಪೊರ್ಬುಗಳು

ಪೊರ್ಬುಗಳು ತೀರಿಕೊಂಡು ತಿಂಗಳಾಯಿತು. ಮಂಗಳೂರಿನ ಇಗರ್ಜಿಯಲ್ಲಿ ಅವರ ಶವಪೆಟ್ಟಿಗೆಯ ಮುಂದೆ ನಿಂತು ಒಬ್ಬರು ಎರಡು ಮಾತು ಆಡಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಯುದ್ಧನೌಕೆಯಲ್ಲಿ ಹೋರಾಡಿದ ಯೋಧ ಎಂದು ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪೊರ್ಬುಗಳು ಕೇಳಿಸಿಕೊಂಡಿದ್ದರೆ ಏನು ಹೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು. "ಹೋರಾಡಿದ್ದು ಬೇರೆಯವರು ಮಾರಾಯ. ನಾನು ಬಡಿಸಿದ್ದು."

ಅಳು ಬರಲಿಲ್ಲ. ಬರಬೇಕಿತ್ತು ಎಂದು ಅನಿಸಿತು, ಅಷ್ಟೆ. ಮಣ್ಣು ಹಾಕಿ, ಬಸ್ಸು ಹತ್ತಿ ಮನೆಗೆ ಬಂದೆ. ಅವರ ಬಗ್ಗೆ ಬರೆದಿಡಬೇಕು ಎಂದು ಬಸ್ಸಿನಲ್ಲಿ ತೋರಿತು. ಬರೆಯುವ ಅಭ್ಯಾಸ ನನಗಿಲ್ಲ. ಎಸ್ಸೆಸ್ಸೆಲ್ಸಿ ಓದಿದವನು ನಾನು. ನೆನಪಾದ ಹಾಗೆ ಬರೆಯುತ್ತೇನೆ.

ಪೊರ್ಬು ಎಂದರೆ ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಅವರಿಗೆ ಹೆಸರು ಇತ್ತು. ಕುವೈತಿನ ನಮ್ಮ ಮೆಸ್ಸಿನಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಹಾಗಾಗಿ ನಾನೂ ಇಲ್ಲಿ ಬಳಸುವುದಿಲ್ಲ.

ಕುವೈತಿಗೆ ಮೊದಲು ಹೋದವನು ನನ್ನ ಅಣ್ಣ. ಒಂದು ಕಂಟ್ರಾಕ್ಟ್ ಕಂಪೆನಿಯ ಸ್ಟೋರಿನಲ್ಲಿ ಅವನಿಗೆ ಕೆಲಸ. ಆಮೇಲೆ ನನ್ನನ್ನೂ ಕರೆಸಿಕೊಂಡು ರಾಯ್‌ ಎಂಬಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಗೆ ಸೇರಿಸಿದ. ನಾವಿದ್ದದ್ದು ಅಬು ಹಲೀಫಾದಲ್ಲಿ, ಸಮುದ್ರದಿಂದ ಎರಡು ಬೀದಿ ಒಳಗೆ, ಮೂರನೇ ಮಾಳಿಗೆಯ ಒಂದು ಫ್ಲ್ಯಾಟಿನಲ್ಲಿ. ಊರ ಕಡೆಯ ಏಳೆಂಟು ಗಂಡಸರು ಸೇರಿ ನಡೆಸುತ್ತಿದ್ದ ಮೆಸ್ಸು ಅದು. ಹೆಂಡತಿ ಮಕ್ಕಳು ಎಲ್ಲರಿಗೂ ಊರಿನಲ್ಲಿ. ಅಡಿಗೆ ಪೊರ್ಬುಗಳದ್ದು. ಅವರು ಮೊದಲು ಯಾವುದೋ ಎಣ್ಣೆ ಕಂಪೆನಿಯ ಕ್ವಾರ್ಟರ್ಸಿನಲ್ಲಿ ಬಟ್ಲರ್ ಆಗಿದ್ದು, ವಯಸ್ಸಾದ ಮೇಲೆ ನಮ್ಮ ಮೆಸ್ಸು ನೋಡಿಕೊಂಡಿದ್ದರು. ಹೆಂಡತಿ ತೀರಿಹೋಗಿದ್ದಳು. ಮಂಗಳೂರಿನಲ್ಲಿ ಒಬ್ಬ ಮಗಳು.

ಅವರು ಗಿಡ್ಡ, ತೆಳ್ಳಗಿನ ಆಳು. ತಲೆ ಪೂರ್ತಿ ಬಿಳಿ. ಮಧ್ಯಾಹ್ನದ ಊಟ ಬಡಿಸುವ ಮೊದಲು ಅಂಗಿ ಬದಲಾಯಿಸುತ್ತಿದ್ದರು. ಅಡಿಗೆಯ ಅಂಗಿಯಲ್ಲಿ ಬಡಿಸಬಾರದಂತೆ. ಮೇಜಿನ ಮೇಲೆ ತಟ್ಟೆ ಇಡುವ ಮೊದಲು ಒಂದು ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಹಾಸುತ್ತಿದ್ದರು. ಒಣ ಬಟ್ಟೆಯ ಮೇಲೆ ಇಟ್ಟದ್ದು ಹಡಗು ವಾಲಿದಾಗ ಜಾರುತ್ತದೆ, ಒದ್ದೆ ಬಟ್ಟೆಯ ಮೇಲೆ ಇಟ್ಟದ್ದು ನಿಲ್ಲುತ್ತದೆ. ಅಬು ಹಲೀಫಾದ ಮೂರನೇ ಮಾಳಿಗೆ ವಾಲುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಕೈಗೆ ಅಭ್ಯಾಸವಾಗಿ ಹೋಗಿತ್ತು. ಅವರು ಮಾತ್ರ ಆ ಮೇಜಿಗೆ ಕೂತು ಉಂಡದ್ದನ್ನು ನಾನು ನೋಡಲಿಲ್ಲ. ಎಲ್ಲರದ್ದೂ ಆದ ಮೇಲೆ ಅಡಿಗೆಕೋಣೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದರು.

ಮೆಸ್ಸಿನಲ್ಲಿ ಬಸಣ್ಣ ಎಂದು ಹುಬ್ಬಳ್ಳಿಯ ಒಬ್ಬ ಡ್ರೈವರ್ ಇದ್ದ. ಅವನಿಗೆ ತುಳು, ಕೊಂಕಣಿ ಬರುತ್ತಿರಲಿಲ್ಲ. ಅವನಿಂದಾಗಿ ಊಟಕ್ಕೆ ಕೂತಾಗ ಎಲ್ಲರೂ ಕನ್ನಡ ಆಡುತ್ತಿದ್ದೆವು. ಪೊರ್ಬುಗಳನ್ನು ಕೆಣಕುವುದು ಅವನಿಗೆ ಊಟದ ಜತೆಯ ಉಪ್ಪಿನಕಾಯಿ.

"ಏನ್ರೀ ಪೊರ್ಬುಗಳ, ಎಷ್ಟ್ ಮಂದಿ ಜರ್ಮನ್ರನ್ನ ಹೊಡದ್ರಿ?"

"ಯಾರನ್ನೂ ಇಲ್ಲ."

"ಮತ್ತ ಯುದ್ಧದಾಗ ಏನ್ ಮಾಡಿದ್ರಿ?"

"ಮೊದಲು ಸೂಪು ಕೊಟ್ಟೆ. ಆಮೇಲೆ ಮೀನು. ಆಮೇಲೆ ಪುಡ್ಡಿಂಗು."

"ಜರ್ಮನ್ರಿಗೇನು?"

"ನೀನು ಅಡಿಗೆ ಮಾಡಿದ್ದಾಗಿದ್ರೆ ಅವರಿಗೇ ಕೊಡ್ತಿದ್ದೆ ಮಾರಾಯ. ಯುದ್ಧ ಬೇಗ ಮುಗೀತಿತ್ತು."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ನಗಿಸಿ ತಾನು ನಗದೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುವುದು ಅವರ ಕ್ರಮ.

ಹಡಗಿನ ಸಂಗತಿ ಒಂದೇ ಸಲಕ್ಕೆ ಅವರು ಹೇಳಿದವರಲ್ಲ. ಈರುಳ್ಳಿ ಕೊಯ್ಯುವಾಗ ಸ್ವಲ್ಪ, ಅಕ್ಕಿ ಆರಿಸುವಾಗ ಸ್ವಲ್ಪ. ನಾನು ಒಟ್ಟು ಮಾಡಿಕೊಂಡದ್ದು ಇಷ್ಟು. ಹದಿಹರೆಯದಲ್ಲಿ ಮುಂಬಯಿಗೆ ಕೆಲಸ ಹುಡುಕಿ ಹೋಗಿದ್ದರು. ಅಲ್ಲಿ ಬ್ರಿಟಿಷ್ ನೌಕಾಪಡೆಯವರು ಆಫೀಸರುಗಳ ಊಟ ಉಪಚಾರಕ್ಕೆ ಗೋವಾ, ಮಂಗಳೂರಿನ ಕ್ರೈಸ್ತ ಹುಡುಗರನ್ನು ತೆಗೆದುಕೊಳ್ಳುತ್ತಿದ್ದರು. ಇವರೂ ಸೇರಿದರು. ಸಿಕ್ಕಿದ್ದು ಒಂದು ಡಿಸ್ಟ್ರಾಯರ್, ಬೆಂಗಾವಲಿನ ಹಡಗು. ದೊಡ್ಡದಲ್ಲ. ಸರಕಿನ ಹಡಗುಗಳು ಸಾಲಾಗಿ ಹೋಗುವಾಗ ಅವುಗಳ ಬದಿಯಲ್ಲಿ ಓಡಾಡುತ್ತ, ನೀರಿನ ಕೆಳಗೆ ಶತ್ರುವಿನ ಹಡಗು ಇದೆಯೇ ಎಂದು ಕಿವಿಗೊಡುತ್ತ ಹೋಗುವುದು ಅದರ ಕೆಲಸ. "ಮದುವೆ ದಿಬ್ಬಣದ ಬದಿಯಲ್ಲಿ ಗ್ಯಾಸ್‌ಲೈಟು ಹೊತ್ತವ ನಡೀತಾನಲ್ಲ, ಹಾಗೆ. ಲೈಟು ಮಾತ್ರ ಇಲ್ಲ," ಎಂದಿದ್ದರು.

ಏಡನ್ ಕಡೆ, ಸೂಯೆಜ್ ದಾಟಿ ಆಚೆ, ಮತ್ತೆ ಈಚೆ. ಎಣ್ಣೆ ತುಂಬಿದ ಹಡಗುಗಳನ್ನು ಕರೆತರಲು ಕುವೈತಿನ ಕೊಲ್ಲಿಗೂ ಬಂದಿದ್ದರಂತೆ. ಆಗ ಆ ದಡದಲ್ಲಿ ಒಂದು ದೀಪವೂ ಕಾಣುತ್ತಿರಲಿಲ್ಲ ಎಂದರು. ಅವರು ಯುದ್ಧ ನೋಡಿದವರಲ್ಲ. ಕೇಳಿದವರು. ಕಪಾಟಿನಲ್ಲಿ ಕಪ್ಪುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದರೆ ಹಡಗು ವೇಗ ಹೆಚ್ಚಿಸಿದೆ ಎಂದು ಅರ್ಥ. ತಟ್ಟೆಗಳು ಒಮ್ಮೆಗೇ ಹಾರಿ ಬಿದ್ದರೆ ನೀರಿನೊಳಗೆ ಸಿಡಿಯುವ ಗುಂಡು ಇಳಿಸಿದ್ದಾರೆ. ಕಪ್ಪುಗಳನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಕೆಳಗಿಡುವುದು ಇವರ ಮೊದಲ ಕೆಲಸ. "ಹೆದರಿಕೆ ಆಗ್ತಿರ್ಲಿಲ್ವಾ?" ಎಂದು ನಾನು ಕೇಳಿದ್ದೆ. "ಊಟದ ಹೊತ್ತು ಮುಗೀಲಿ, ಆಮೇಲೆ ಹೆದರಿದ್ರೆ ಆಯ್ತು ಅಂತ ಇತ್ತು. ಮುಗಿಯುವಾಗ ಇನ್ನೊಂದು ಊಟದ ಹೊತ್ತು ಆಗ್ತಿತ್ತು."

ಎರಡನೇ ಕೆಲಸದ ಬಗ್ಗೆ ಅವರು ಹೇಳಿದ್ದು ಬಹಳ ತಡವಾಗಿ. ಅದಕ್ಕೆ ಮೊದಲು ಅಣ್ಣನ ಕಾಲಿನ ವಿಷಯ ಬರೆಯಬೇಕು.

ಅಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ತೊಂಬತ್ತರ ಜುಲೈಯಲ್ಲಿ ಹೊಸ ಚಪ್ಪಲಿ ಕಚ್ಚಿ ಬಲಗಾಲಿನಲ್ಲಿ ಒಂದು ಗುಳ್ಳೆ ಎದ್ದಿತು. ಯಾರೂ ಗಮನ ಕೊಡಲಿಲ್ಲ. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಒಂದು ಬೆಳಿಗ್ಗೆ ಎದ್ದಾಗ ಬೀದಿಯಲ್ಲಿ ಟ್ಯಾಂಕು ಇತ್ತು. ನನ್ನ ಅಂಗಡಿಯ ಕಫೀಲ್, ಅಂದರೆ ನಮ್ಮನ್ನು ಕರೆಸಿಕೊಂಡು ನಮ್ಮ ಹೊಣೆ ಹೊತ್ತ ಅರಬ, ಸೌದಿಗೆ ಹೋಗಿಯಾಗಿತ್ತು. ಅಂಗಡಿಯನ್ನು ದೋಚಿದ್ದರು. ಕ್ಲಿನಿಕ್ಕಿನಲ್ಲಿ ಡಾಕ್ಟರಿಲ್ಲ, ಡಾಕ್ಟರಿದ್ದಲ್ಲಿ ಮದ್ದಿಲ್ಲ. ಆ ಗುಳ್ಳೆ ಒಡೆದು ಗಾಯವಾಗಿ, ಬೆರಳು ಕಪ್ಪಾಯಿತು.

ಸೆಪ್ಟೆಂಬರಿನಲ್ಲಿ ಬಸ್ಸುಗಳು ಹೊರಡಲು ಶುರುವಾದವು. ಬಸ್ರಾ, ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್, ಅಲ್ಲಿ ವಿಮಾನ. ದಾರಿಯಲ್ಲಿ ಬಯಲಿನ ಡೇರೆಗಳಲ್ಲಿ ಎಷ್ಟು ದಿನ ಕಾಯಬೇಕೋ ಗೊತ್ತಿಲ್ಲ. ಅಷ್ಟರಲ್ಲಿ ಆಸ್ಪತ್ರೆಯೊಂದರಲ್ಲಿ ಅಣ್ಣನ ಎರಡು ಬೆರಳು ಕತ್ತರಿಸಿದ್ದರು. ಈ ಕಾಲಿನಲ್ಲಿ ಆ ದಾರಿ ಹಿಡಿದರೆ ಊರು ಸೇರುವುದಿಲ್ಲ, ಒಣಗುವವರೆಗೆ ಮಲಗಿರಲಿ ಎಂದು ಡಾಕ್ಟರು ಹೇಳಿದರು. ಅಣ್ಣ ಉಳಿದ. ಅವನ ಜತೆಗೆ ನಾನು ಉಳಿದೆ. ಊರಿನಲ್ಲಿ ಅತ್ತಿಗೆ ಇದ್ದಳು. ಫೋನಿನ ತಂತಿ ಕಡಿಯುವ ಮೊದಲು ಅವಳು ನನಗೆ ಹೇಳಿದ್ದು ಒಂದೇ ಮಾತು: "ಅವರನ್ನು ಕರಕೊಂಡೇ ಬಾ."

ಮೆಸ್ಸಿನವರೆಲ್ಲ ಗಂಟು ಕಟ್ಟಿದರು. ಪೊರ್ಬುಗಳು ಕಟ್ಟಲಿಲ್ಲ. ಬಸಣ್ಣ ಅಡಿಗೆಕೋಣೆಯ ಬಾಗಿಲಲ್ಲಿ ನಿಂತು ಕೇಳಿದ.

"ಯಾಕ್ರೀ, ನಿಮ್ಮ ಬ್ರಿಟಿಷ್ರು ಹಡಗು ತಗೊಂಡು ಬರ್ತಾರಂತ ಕುಂತೀರೇನು?"

"ಊಟ ಮಾಡುವವರು ಇಬ್ಬರು ಇದ್ದಾರೆ."

"ಅವ್ರು ಖುಬ್ಬೂಸ್ ರೊಟ್ಟಿ ತಿಂದ್ ಇರ್ತಾರ್ರಿ. ಮಗಳ ಮಾರಿ ನೋಡೂದು ಬ್ಯಾಡೇನು ನಿಮಗ?"

"ಬೇಕು. ಇವರ ಜತೆ ಹೋಗ್ತೇನೆ."

"ಹುಚ್ಚ್ ಮುದುಕ ಅದೀರಿ ನೀವು."

"ನೀನು ದಾರಿಗೆ ಬುತ್ತಿ ತಗೊಂಡು ಹೋಗು. ಹುಣಸೆಹಣ್ಣು ಹಾಕಿದ್ದೇನೆ, ಹಳಸುದಿಲ್ಲ."

ಬಸಣ್ಣ ಬುತ್ತಿ ಹಿಡಿದುಕೊಂಡು ಮುಖ ಆಚೆ ಮಾಡಿದ. ಆಮೇಲೆ ಅವನನ್ನು ನಾನು ಕಾಣಲಿಲ್ಲ.

ಅಣ್ಣನ ಗಾಯ ತೊಳೆಯುವುದನ್ನು ಪೊರ್ಬುಗಳು ವಹಿಸಿಕೊಂಡರು. ಹಳೆಯ ಪಂಚೆ ಹರಿದು, ಕುದಿಸಿ, ಒಣಗಿಸಿ ಮಡಚಿಟ್ಟಿದ್ದರು. ಉಪ್ಪು ನೀರಿನಿಂದ ತೊಳೆದು ಕಟ್ಟುತ್ತಿದ್ದರು. ಅವರ ಕೈ ಅಲುಗುತ್ತಿರಲಿಲ್ಲ. ಒಂದು ದಿನ ಅಣ್ಣ ಕೇಳಿದ, "ಇದನ್ನೂ ಹಡಗಿನಲ್ಲಿ ಕಲಿತದ್ದಾ ಪೊರ್ಬುಗಳೇ?"

ಆಗ ಹೇಳಿದರು. ಹಡಗಿನಲ್ಲಿ ಬೇರೆ ಆಸ್ಪತ್ರೆಯ ಜಾಗ ಇರಲಿಲ್ಲ. ಯುದ್ಧದ ಗಂಟೆ ಹೊಡೆದರೆ ಆಫೀಸರುಗಳ ಊಟದ ಕೋಣೆಯೇ ಆಸ್ಪತ್ರೆ. ಊಟದ ಮೇಜೇ ಆಪರೇಷನ್ ಮೇಜು. ಇವರು ಒದ್ದೆ ಬಟ್ಟೆ ತೆಗೆದು ರಬ್ಬರು ಹಾಳೆ ಹಾಸಬೇಕು, ನೀರು ಕುದಿಸಬೇಕು, ಡಾಕ್ಟರಿಗೆ ದೀಪ ಹಿಡಿಯಬೇಕು. ಮುಳುಗಿದ ಸರಕಿನ ಹಡಗುಗಳವರನ್ನು ನೀರಿನಿಂದ ಎತ್ತಿ ಅಲ್ಲಿಗೆ ತರುತ್ತಿದ್ದರು. ಮೈಯೆಲ್ಲ ಕಪ್ಪು ಎಣ್ಣೆ. ಕೆಲವರು ಬದುಕುತ್ತಿದ್ದರು. ಮುಗಿದ ಮೇಲೆ ಮೇಜು ತೊಳೆದು, ಬಟ್ಟೆ ಹಾಸಿ, ಅದೇ ಮೇಜಿನ ಮೇಲೆ ರಾತ್ರಿಯ ಸೂಪು ಇಡಬೇಕು.

"ಆಫೀಸರುಗಳು ಉಣ್ತಿದ್ರಾ?" ಅಣ್ಣ ಕೇಳಿದ.

"ಉಣ್ತಿದ್ರು ಶೆಟ್ರೆ. ಉಣ್ಣದೆ? ನನಗೆ ಮಾತ್ರ ಮೇಜು ಅಂದ್ರೆ ಆಗುದಿಲ್ಲ. ಅವತ್ತಿಂದ."

ಬ್ಯಾಂಡೇಜಿನ ತುದಿ ಸೀಳಿ ಗಂಟು ಹಾಕುತ್ತ ಇನ್ನೊಂದು ಮಾತು ಹೇಳಿದರು. ಒಮ್ಮೆ ಮೇಜಿನ ಮೇಲೆ ತಂದು ಮಲಗಿಸಿದವನು ನಮ್ಮ ಕಡೆಯವನು. ಸರಕಿನ ಹಡಗಿನ ಖಲಾಸಿ. ತುಳುವಿನಲ್ಲಿ ಏನೋ ಹೇಳುತ್ತಿದ್ದ. ಏನು ಹೇಳುತ್ತಿದ್ದಾನೆ ಎಂದು ಡಾಕ್ಟರು ಇವರನ್ನು ಕೇಳಿದರು. ಕಾಲು ತಣ್ಣಗಾಗ್ತದೆ ಅಂತಾನೆ ಸಾರ್ ಎಂದು ಇವರು ಇಂಗ್ಲಿಷಿನಲ್ಲಿ ಹೇಳಿದರು. ಊರು ಯಾವುದು ಎಂದು ಅವನನ್ನು ಕೇಳಬೇಕು ಎಂದಿದ್ದರು. ಅಷ್ಟರಲ್ಲಿ ಡಾಕ್ಟರು ದೀಪ ಮೇಲೆ ಹಿಡಿ ಎಂದರು. ಹಿಡಿದರು. ಆಮೇಲೆ ಕೇಳಿ ಉಪಯೋಗ ಇರಲಿಲ್ಲ.

"ಅವನ ಮನೆಯವರಿಗೆ?" ನಾನು ಕೇಳಿದೆ.

"ಯಾವ ಮನೆ ಅಂತ ಹೋಗುದು? ಉಳ್ಳಾಲದಿಂದ ಬೈಂದೂರಿನವರೆಗೆ ಎಲ್ಲ ಮನೆಯೂ ಆಗಬಹುದು." ಬೇಸಿನ್ ಎತ್ತಿಕೊಂಡು ಎದ್ದರು. "ಗಂಜಿಗೆ ಉಪ್ಪು ಹಾಕ್ಲಾ, ಬೇಡವಾ?"

ಸೈನಿಕರು ನಮ್ಮ ಫ್ಲ್ಯಾಟಿಗೂ ಬಂದರು. ಬಾಗಿಲು ಬಡಿದಾಗ ಪೊರ್ಬುಗಳು ಹೋಗಿ ಅಂಗಿ ಬದಲಾಯಿಸಿ ಬಂದು ಬಾಗಿಲು ತೆರೆದರು. ಇಪ್ಪತ್ತರ ಆಸುಪಾಸಿನ ಹುಡುಗರು, ಗಡ್ಡ ಬಿಟ್ಟವರು, ಹಸಿದವರು. ಅವರಿಗೆ ಟೀ ಮಾಡಿ ಟ್ರೇಯಲ್ಲಿ ಇಟ್ಟು ಕೊಟ್ಟರು. ಹುಡುಗರು ಕುಡಿದು ಟಿ.ವಿ. ಎತ್ತಿಕೊಂಡರು. ಪೊರ್ಬುಗಳು ಬಾಗಿಲನ್ನು ಅಗಲವಾಗಿ ಹಿಡಿದು, ಮೆಟ್ಟಿಲು ತೋರಿಸಿ, "ಶ್ವಯ್ಯ, ಶ್ವಯ್ಯ" ಎಂದು ಅರಬಿಯಲ್ಲಿ ಹೇಳಿದರು. ನಿಧಾನ, ನಿಧಾನ ಎಂದು. ಅವರು ಹೋದ ಮೇಲೆ ನಾನು ರೇಗಿದೆ.

"ಕಳ್ಳರಿಗೆ ದಾರಿ ತೋರಿಸ್ತೀರಲ್ಲ?"

"ಬಿದ್ರೆ ನಮ್ಮ ಮೇಲೆ ಹೇಳ್ತಾರೆ ಮಾರಾಯ. ಮತ್ತೆ ಹೇಗೂ ಕರೆಂಟಿಲ್ಲ. ಟಿ.ವಿ. ಎಂತಕ್ಕೆ?"

ಮಲಗಿದ್ದಲ್ಲಿಂದ ಅಣ್ಣ ನಕ್ಕ. ಅವನು ನಕ್ಕದ್ದನ್ನು ಕೇಳಿದ್ದು ಅದೇ ಕೊನೆ ಎಂದು ನನ್ನ ನೆನಪು. ಸರಿಯೋ ಅಲ್ಲವೋ.

ಗಾಯ ಒಣಗುವಾಗ ಬಸ್ಸುಗಳು ನಿಂತಿದ್ದವು. ಇನ್ಸುಲಿನ್ ಸಿಗುವುದು ಕಷ್ಟವಾಯಿತು. ಕೆಳಗಿನ ಮಾಳಿಗೆಯಲ್ಲಿ ಅಬು ನಬೀಲ್ ಎಂಬ ಪ್ಯಾಲೆಸ್ತೀನಿನವನು ಇದ್ದ. ಬಹಳ ವರ್ಷ ಮುಂಬಯಿಯವರ ಜತೆ ಕೆಲಸ ಮಾಡಿ ಹಿಂದಿ ಕಲಿತಿದ್ದ. ಅವನ ತಾಯಿಗೂ ಅದೇ ಕಾಯಿಲೆ. ತನ್ನ ತಾಯಿಯ ಪಾಲಿನಿಂದ ಅವನು ಒಂದೊಂದು ಶೀಶೆ ಕೊಡುತ್ತಿದ್ದ. ಜನವರಿಯಲ್ಲಿ ವಿಮಾನಗಳು ಬಾಂಬು ಹಾಕಲು ಶುರುಮಾಡಿದ ಮೇಲೆ ಅವನು ಒಂದು ದಿನ ಮೇಲೆ ಬಂದು, ಬಾಗಿಲಲ್ಲೇ ನಿಂತು, "ಖಲಾಸ್ ಭಾಯಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವನ ತಾಯಿಗೂ ಉಳಿದಿರಲಿಲ್ಲ.

ಆಮೇಲೆ ಅಣ್ಣ ಮಲಗುವುದೇ ಹೆಚ್ಚು. ಬಾಯಾರಿಕೆ, ನಿದ್ದೆ, ಮತ್ತೆ ಬಾಯಾರಿಕೆ. ಪೊರ್ಬುಗಳು ಹೊತ್ತು ಹೊತ್ತಿಗೆ ಅವನನ್ನು ಎತ್ತಿ ಕೂರಿಸಿ ನೀರು ಕುಡಿಸುತ್ತಿದ್ದರು. ಎಣ್ಣೆಬಾವಿಗಳಿಗೆ ಬೆಂಕಿ ಬಿದ್ದು ಹಗಲೇ ಕತ್ತಲಾಗಿತ್ತು. ಕಿಟಕಿಯ ಸಂದಿಗೆ ಬಟ್ಟೆ ತುರುಕಿದರೂ ಮಸಿ ಒಳಗೆ ಬರುತ್ತಿತ್ತು. ಮಧ್ಯಾಹ್ನ ಖುಬ್ಬೂಸ್ ಮತ್ತು ಬೇಳೆ. ಅದಕ್ಕೂ ಅವರು ಅಂಗಿ ಬದಲಾಯಿಸುತ್ತಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಬೇರೆ ತರಹದ ಸದ್ದು ಬಂತು. ಮೊದಲು ಕಾಲಿನ ಕೆಳಗೆ, ಆಮೇಲೆ ಕಿವಿಗೆ. ಅಡಿಗೆಕೋಣೆಯಲ್ಲಿ ಕಪ್ಪುಗಳು ಒಂದಕ್ಕೊಂದು ತಾಗಿದವು. ಪೊರ್ಬುಗಳು ತಲೆ ಎತ್ತಿದರು.

"ಇದು ವಿಮಾನದ್ದಲ್ಲ. ಹಡಗಿನದ್ದು."

ಎದ್ದು ಹೋಗಿ ಕಪಾಟಿನಿಂದ ಕಪ್ಪುಗಳನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆ ಇಟ್ಟರು. "ಅಲ್ಲಿಯೂ ಈಗ ಯಾರೋ ಒಬ್ಬ ಹೀಗೇ ತೆಗೆದಿಡ್ತಾ ಇರ್ತಾನೆ," ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಹಡಗೂ ದಡಕ್ಕೆ ಹೊಡೀತಿತ್ತು. ದಡದಲ್ಲಿ ಮನೆ ಇರ್ತದೆ ಅಂತ ನನಗೆ ಅಂದಾಜೇ ಇರ್ಲಿಲ್ಲ ಮಾರಾಯ," ಎಂದರು.

ಕಟ್ಟಡದವರು ನೆಲಮಾಳಿಗೆಗೆ ಇಳಿಯುವ ಸದ್ದು ಕೇಳಿತು. ಅಣ್ಣನನ್ನು ಹೊತ್ತುಕೊಂಡು ಇಳಿಯೋಣ ಎಂದು ನಾನು ಅವನ ಹತ್ತಿರ ಹೋದೆ. ಪೊರ್ಬುಗಳು ಆಗಲೇ ಅಲ್ಲಿ ಮೊಣಕಾಲೂರಿ ಕೂತಿದ್ದರು. ಅಣ್ಣನ ಬಾಯಿಯ ಹತ್ತಿರ ಕಿವಿ ಇಟ್ಟಿದ್ದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ನನ್ನನ್ನು ನೋಡಿ, "ಇಳಿಸುದು ಬೇಡ," ಎಂದರು.

ನಾನು ಗೋಡೆಗೆ ಒರಗಿ ಕೂತೆ. ಸದ್ದು ನಿಲ್ಲುವವರೆಗೆ ನಾವು ಮೂವರೂ ಅಲ್ಲೇ ಇದ್ದೆವು.

ಸುಡುವುದು ಸಾಧ್ಯವಿರಲಿಲ್ಲ. ಸೌದೆಯಿಲ್ಲ, ಬೆಂಕಿ ಕಂಡರೆ ಸೈನಿಕರು ಬರುತ್ತಾರೆ, ಸುಡಲು ಬಿಡುವವರೂ ಇಲ್ಲ. ಊರಿಗೆ ಒಯ್ಯಲು ವಿಮಾನವಿಲ್ಲ. ಊರಿನಾಚೆಯ ಸ್ಮಶಾನದಲ್ಲಿ ಮುಸ್ಲಿಮರಲ್ಲದವರಿಗೆ ಒಂದು ಮೂಲೆ ಇದೆ ಎಂದು ಅಬು ನಬೀಲ್ ಹೇಳಿದ. ಪೊರ್ಬುಗಳು ಅವನ ಗಾಡಿಗೆ ಹೊದಿಸುವ ಕ್ಯಾನ್ವಾಸು ಕೇಳಿ ತಂದರು. ಅಕ್ಕಿ ಗೋಣಿ ಹೊಲಿಯುವ ದಬ್ಬಣ ಮೆಸ್ಸಿನಲ್ಲಿತ್ತು. ಅಣ್ಣನನ್ನು ತೊಳೆದು ಮೇಜಿನ ಮೇಲೆ ಮಲಗಿಸಿದೆವು.

"ನಿಮ್ಮಲ್ಲಿ ಎಂತ ಕ್ರಮ?" ಅವರು ಕೇಳಿದರು.

ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಸತ್ತಾಗ ಎಲ್ಲವನ್ನೂ ಮಾಡಿದವನು ಅಣ್ಣ. ನಾನು ಹಿಂದೆ ನಿಂತಿದ್ದೆ. ಬಾಯಿಗೆ ನೀರು ಬಿಡಬೇಕು ಎಂದೆ. ಅಕ್ಕಿ ಕಾಳು ಹಾಕಬೇಕು ಎಂದೆ. ತುಳಸಿ ಇಲ್ಲ ಎಂದೆ. "ಇದ್ದದ್ದನ್ನು ಮಾಡು," ಎಂದರು. ಮಾಡಿದೆ. ಅವರು ಕಾಲಿನ ಕಡೆಯಿಂದ ಹೊಲಿಯುತ್ತ ಬಂದರು. ಹೊಲಿಗೆಗಳು ಹತ್ತಿರ ಹತ್ತಿರ, ಒಂದೇ ಅಳತೆ. ಎದೆಯವರೆಗೆ ಬಂದಾಗ, ಹೋಗಿ ಅಬು ನಬೀಲನ ಪಿಕಪ್ಪಿಗೆ ಪೆಟ್ರೋಲ್ ಆಯಿತಾ ನೋಡಿ ಬಾ ಎಂದು ನನ್ನನ್ನು ಕಳಿಸಿದರು. ನಾನು ಮೇಲೆ ಬರುವಾಗ ಮುಖ ಮುಚ್ಚಿಯಾಗಿತ್ತು.

ಚೆಕ್‌ಪೋಸ್ಟಿನಲ್ಲಿ ಸೈನಿಕನೊಬ್ಬ ಕ್ಯಾನ್ವಾಸು ಮುಟ್ಟಿ ನೋಡಿ, ಹೋಗಿ ಎಂದು ಕೈ ಮಾಡಿದ. ಮಣ್ಣು ಸಡಿಲವಾಗಿತ್ತು, ಅಗೆದಷ್ಟೂ ಜಾರಿ ಬೀಳುತ್ತಿತ್ತು. ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು. ಅಬು ನಬೀಲ್ ಕೈ ತೆರೆದು ತನ್ನದನ್ನು ಹೇಳಿದ. ನಾನು ಮಣ್ಣು ಹಾಕಿದೆ.

ಹಿಂದೆ ಬಂದ ಮೇಲೆ ಅವರು ಮೇಜು ತೊಳೆದರು. ಬಟ್ಟೆ ಒದ್ದೆ ಮಾಡಿ, ಹಿಂಡಿ, ಹಾಸಿದರು. ಅಂಗಿ ಬದಲಾಯಿಸಿ ಬಂದು ನನ್ನ ಮುಂದೆ ತಟ್ಟೆ ಇಟ್ಟರು.

"ಉಣ್ಣು."

"ಬೇಡ."

"ಬೇಡ ಅಂತ ನನಗೂ ಗೊತ್ತುಂಟು. ಉಣ್ಣು."

ಉಂಡೆ. ಬೇಳೆಗೆ ಉಪ್ಪು ಸರಿಯಾಗಿತ್ತು. ಅದು ನನಗೆ ಇವತ್ತಿಗೂ ನೆನಪಿದೆ, ಅಣ್ಣನ ಮುಖಕ್ಕಿಂತ ಸ್ಪಷ್ಟವಾಗಿ.

ಯುದ್ಧ ಮುಗಿದು ನಾನು ಏಪ್ರಿಲಿನಲ್ಲಿ ಊರಿಗೆ ಬಂದೆ. ಪೊರ್ಬುಗಳಿಗೆ ಅವರ ಕಾಗದಪತ್ರ ಸಿಗುವಾಗ ತಡವಾಯಿತು, ಹಿಂದೆ ಉಳಿದರು. ಅತ್ತಿಗೆಯ ಮನೆ ಕಾಪುವಿನ ಹತ್ತಿರ. ಜಗಲಿಯಲ್ಲಿ ಕೂತು ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಸತ್ತವರಿಗೆ ಮಾಡುವ ಬೊಜ್ಜದ ಮಾತು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಬೂದಿ ಬಂದಿಲ್ಲ, ಎಲುಬು ಬಂದಿಲ್ಲ. ಪಕ್ಕದ ಊರಿನವನೊಬ್ಬ ಕುವೈತಿನಲ್ಲಿ ಸತ್ತ ಎಂದು ಸುದ್ದಿ ಬಂದು, ಆಮೇಲೆ ಗಡ್ಡ ಬಿಟ್ಟುಕೊಂಡು ಮನೆಗೆ ನಡೆದು ಬಂದಿದ್ದ. ಸಂಜೆಯಾದರೆ ಅವಳು ದಾರಿ ಕಡೆ ಮುಖ ಮಾಡಿ ಕೂರುತ್ತಿದ್ದಳು. ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಊಟ ಬಿಟ್ಟು ಕೋಲಾಗಿದ್ದಳು. ಹೀಗೇ ಆದರೆ ಇವಳೂ ಉಳಿಯುವುದಿಲ್ಲ ಎಂದು ಅವಳ ತಾಯಿ ನನ್ನ ಹತ್ತಿರ ಹೇಳಿದರು. ನನ್ನ ಮಾತು ಅವಳಿಗೆ ತಾಗಲಿಲ್ಲ.

ಮೇ ತಿಂಗಳಲ್ಲಿ ಪೊರ್ಬುಗಳು ಬಂದರು. ಮಗಳ ಮನೆಗೆ ಬಂದ ಮರುದಿನವೇ ಬಸ್ಸು ಹಿಡಿದು ಕಾಪುವಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಜಗಲಿಯ ಅಂಚಿನಲ್ಲಿ ಕೂತರು. ಅತ್ತಿಗೆ ಬೆಲ್ಲ ನೀರು ತಂದಿಟ್ಟು ಕಂಬಕ್ಕೆ ಒರಗಿ ನಿಂತಳು.

"ನೀವು ಕಣ್ಣಾರೆ ನೋಡಿದ್ದಾ?"

"ನಾನೇ ತೊಳೆದದ್ದಮ್ಮ. ನಾನೇ ಹೊಲಿದದ್ದು."

ಅವಳು ನನ್ನ ಹತ್ತಿರ ಅದುವರೆಗೆ ಹೇಳದ್ದನ್ನು ಅವರ ಹತ್ತಿರ ಹೇಳಿದಳು. ಮದುವೆಯಾದ ವರ್ಷ ಅಣ್ಣ ಇದೇ ಜಗಲಿಯಲ್ಲಿ ಬಿದ್ದಿದ್ದನಂತೆ. ಮೈ ತಣ್ಣಗೆ. ಉಸಿರು ಕಾಣಲಿಲ್ಲ. ಎಲ್ಲರೂ ಅಳಲು ಶುರುಮಾಡಿದ್ದರಂತೆ. ಯಾರೋ ಬಾಯಿಗೆ ಸಕ್ಕರೆ ನೀರು ಬಿಟ್ಟ ಮೇಲೆ ಕಣ್ಣು ತೆರೆದನಂತೆ.

"ಅವರಿಗೆ ಹಾಗೆ ಆಗ್ತದೆ," ಎಂದಳು. "ಸತ್ತ ಹಾಗೇ ಕಾಣ್ತದೆ. ನಿಮಗೆ ಗೊತ್ತಿಲ್ಲ. ಇವನಿಗೂ ಗೊತ್ತಿಲ್ಲ. ಹೊಲಿಯುವಾಗ ಒಳಗೆ ಜೀವ ಇದ್ದಿದ್ರೆ? ಮಣ್ಣಿನ ಒಳಗೆ ಎಚ್ಚರ ಆಗಿದ್ರೆ? ಕಣ್ಣು ಮುಚ್ಚಿದ್ರೆ ನನಗೆ ಅದೇ."

ಅವಳು ಕಾಯುತ್ತಿದ್ದದ್ದು ಅಣ್ಣ ಬರಲಿ ಎಂದಲ್ಲ. ಅದು ನನಗೆ ಆಗ ಗೊತ್ತಾಯಿತು.

ಪೊರ್ಬುಗಳು ಲೋಟ ಕೆಳಗಿಟ್ಟರು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಅವಳನ್ನು ನೋಡಿ, ಸಾರಿಗೆ ಏನೇನು ಹಾಕಿದೆ ಎಂದು ಹೇಳುವ ಅದೇ ದನಿಯಲ್ಲಿ ಹೇಳಿದರು.

"ಹಡಗಿನಲ್ಲಿ ಸತ್ತವರನ್ನು ಹೊಲಿದು ಸಮುದ್ರಕ್ಕೆ ಬಿಡುದು. ಹೊಲಿಲಿಕ್ಕೆ ನನಗೆ ಕಲಿಸಿದ್ದು ಒಬ್ಬ ಮುದುಕ ನಾವಿಕ. ಅವರಲ್ಲಿ ಒಂದು ಕ್ರಮ ಉಂಟು. ಕೊನೆಯ ಹೊಲಿಗೆ ಬಟ್ಟೆಗೆ ಮಾತ್ರ ಹಾಕುದಲ್ಲ. ಮೂಗಿನ ಮೂಲಕ ಹಾಕುದು. ಜೀವ ಇದ್ರೆ ಆಗ ಗೊತ್ತಾಗ್ತದೆ. ಅದಕ್ಕೇ ಆ ಕ್ರಮ."

ಅತ್ತಿಗೆಯ ಕೈ ಕಂಬದ ಮೇಲಿತ್ತು.

"ನೀವು ಹಾಕಿದ್ರಾ?"

"ಹಾಕಿದೆ. ಇವನನ್ನು ಕೆಳಗೆ ಕಳಿಸಿ ಹಾಕಿದೆ."

"ಅಲುಗಾಡಲಿಲ್ವಾ?"

"ಇಲ್ಲ."

"ರಕ್ತ?"

"ಬರಲಿಲ್ಲಮ್ಮ."

ಅವಳು ಅಲ್ಲೇ ಕುಸಿದು ಕೂತಳು. ಮೊದಲು ಸದ್ದಿರಲಿಲ್ಲ. ಆಮೇಲೆ ಬಂತು. ಒಳಗಿನಿಂದ ಅವಳ ತಾಯಿ ಓಡಿ ಬಂದರು. ಪೊರ್ಬುಗಳು ಎದ್ದು ಅಂಗಳಕ್ಕೆ ಇಳಿದು ಆಚೆ ಮುಖ ಮಾಡಿ ನಿಂತರು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಹತ್ತಿರ ನಿಂತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತಿಗೆ ಎದ್ದು ಮುಖ ತೊಳೆದುಕೊಂಡಳು. ನನ್ನ ಕಡೆ ತಿರುಗದೆ ಹೇಳಿದಳು.

"ಹೋಗಿ ಬೊಜ್ಜಕ್ಕೆ ದಿನ ಕೇಳಿಕೊಂಡು ಬಾ."

ನಾನು ಚಪ್ಪಲಿ ಮೆಟ್ಟಿದೆ. ಬಸ್ಸಿನವರೆಗೆ ನಾನೂ ಬರ್ತೇನೆ ಎಂದು ಪೊರ್ಬುಗಳು ಜತೆಗೆ ಹೊರಟರು. ಗದ್ದೆಯ ಬದುವಿನಲ್ಲಿ ಅವರು ಮುಂದೆ, ನಾನು ಹಿಂದೆ. ಅವರು ಹೇಳಿದ್ದು ನಿಜವೇ ಎಂದು ನಾನು ಕೇಳಲಿಲ್ಲ. ಆಮೇಲಿನ ವರ್ಷಗಳಲ್ಲೂ ಕೇಳಲಿಲ್ಲ, ಅವರೂ ಎತ್ತಲಿಲ್ಲ. ಬಸ್ಸು ಬರುವುದು ಕಂಡಾಗ ಅವರು ನನ್ನ ತೋಳು ಹಿಡಿದು, "ಅವಳಿಗೆ ಇವತ್ತು ಗಂಜಿ ಕೊಡಿ. ಅನ್ನ ಇಳಿಯುದಿಲ್ಲ," ಎಂದರು.